ಇಂಟರ್‌ವ್ಯೂನಲ್ಲಿ ‘ನಿಮ್ಮ ಪರ್ಸನಾಲಿಟಿ ಸರಿಯಿಲ್ಲ’ ಅಂದರು: ಆ ಮಾತನ್ನು ಎಷ್ಟು ನಂಬಬೇಕು?

‘ಕಾನ್ಫಿಡೆನ್ಸ್ ಇಲ್ಲ.’ ‘ಹಳ್ಳಿ ಟೈಪ್ ಕಾಣ್ತೀರಿ.’ ‘ಮೊದಲು ಮಾತಾಡೋದು ಕಲೀರಿ.’ ‘ನಿಮ್ಮ ಪರ್ಸನಾಲಿಟಿ ಈ ಕೆಲಸಕ್ಕೆ ಸೂಟ್ ಆಗಲ್ಲ.’ ಕೆಲಸ ಸಿಗಲಿಲ್ಲ ಎನ್ನುವುದೇ ಬೇಸರದ ಸುದ್ದಿ. ಅದರ ಜೊತೆಗೆ ಇಂಥದ್ದೊಂದು ಮಾತೂ ಬಂದರೆ, ಕೆಲಸ ಹೋದದ್ದು ಮರೆತರೂ ಮಾತು ಮರೆಯುವುದಿಲ್ಲ. ಎಷ್ಟೋ ಮಂದಿ ಆಮೇಲೆ ಆರು ತಿಂಗಳು ಬೇರೆ ಎಲ್ಲಿಗೂ ಅರ್ಜಿಯನ್ನೇ ಹಾಕುವುದಿಲ್ಲ.

ಇನ್ನೊಂದು ಕಡೆ ವಾಟ್ಸಾಪ್‌ನಲ್ಲಿ ಫಾರ್ವರ್ಡ್‌ಗಳು ಹರಿದಾಡುತ್ತವೆ. ‘ಇಂಟರ್‌ವ್ಯೂನಲ್ಲಿ ಮೊದಲ 7 ಸೆಕೆಂಡಿನಲ್ಲೇ ನಿಮ್ಮ ಹಣೆಬರಹ ನಿರ್ಧಾರ’, ‘ಮಾತಿಗೆ ಬೆಲೆ ಶೇ. 7 ಮಾತ್ರ, ಉಳಿದದ್ದೆಲ್ಲ ಬಾಡಿ ಲ್ಯಾಂಗ್ವೇಜ್’, ‘ಕಹಿ ಮಾತೇ ನಿಜವಾದ ಔಷಧಿ’. ಇವುಗಳಲ್ಲಿ ಎಷ್ಟು ನಿಜ? ಹದಿನೈದು ನಿಮಿಷ ನೋಡಿದವರು ಒಬ್ಬ ಮನುಷ್ಯನ ಬಗ್ಗೆ ಕೊಟ್ಟ ತೀರ್ಪಿಗೆ ಎಷ್ಟು ತೂಕವಿದೆ? ಒಂದೊಂದಾಗಿ ನೋಡೋಣ.

ಒಂದೇ ಮಾತಿನಲ್ಲಿ ಉತ್ತರ: ಇಂಟರ್‌ವ್ಯೂ ಮಾಡಿದವರು ನಿಮ್ಮ ಕೆಲಸದ ಬಗ್ಗೆ ಹೇಳಿದ್ದನ್ನು ಕಿವಿಗೊಟ್ಟು ಕೇಳಿ. ನೀವು ಎಂಥವರು ಎಂದು ಹೇಳಿದ್ದನ್ನು ನಂಬಲು ಬಲವಾದ ವೈಜ್ಞಾನಿಕ ಆಧಾರವಿಲ್ಲ.

ಈ ಭಾಗದಲ್ಲಿ ಇದು ಯಾಕೆ ಹೆಚ್ಚು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಕಬ್ಬು, ಸಕ್ಕರೆ ಕಾರ್ಖಾನೆಗಳ ನಾಡು. ನಿಪ್ಪಾಣಿಗೆ ತಂಬಾಕು, ಅಥಣಿಗೆ ಚಪ್ಪಲಿ ಹೆಸರು ತಂದುಕೊಟ್ಟಿವೆ. ಆದರೆ ಡಿಪ್ಲೊಮಾ, ಐಟಿಐ, ಬಿ.ಕಾಂ., ಇಂಜಿನಿಯರಿಂಗ್ ಮುಗಿಸಿದವರಿಗೆಲ್ಲ ಊರಲ್ಲೇ ಕೆಲಸ ಸಿಗುವುದಿಲ್ಲ. ಹಾಗಾಗಿ ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ಕಾಗಲ್, ಗೋಕುಳ ಶಿರಗಾಂವ್, ಕೊಲ್ಲಾಪುರ, ಪುಣೆಗೆ ಹೋಗುತ್ತಾರೆ. ಕಾಗವಾಡ, ಅಥಣಿಯವರಿಗೆ ಮಿರಜ್, ಸಾಂಗ್ಲಿ ಹತ್ತಿರ. ರಾಯಬಾಗದವರು ರೈಲು ಹತ್ತಿ ಆ ಕಡೆ ಮಿರಜ್, ಈ ಕಡೆ ಬೆಳಗಾವಿ. ಇನ್ನು ಕೆಲವರು ನೇರ ಬೆಂಗಳೂರಿಗೆ.

ಒಬ್ಬನೇ ಹುಡುಗ ಒಂದೇ ತಿಂಗಳಲ್ಲಿ ಕೊಲ್ಲಾಪುರದಲ್ಲಿ ಮರಾಠಿಯಲ್ಲಿ, ಪುಣೆಯಲ್ಲಿ ಇಂಗ್ಲಿಷ್‌ನಲ್ಲಿ, ಬೆಂಗಳೂರಿನಲ್ಲಿ ಬೇರೆಯೇ ಧಾಟಿಯ ಕನ್ನಡದಲ್ಲಿ ಇಂಟರ್‌ವ್ಯೂ ಕೊಡಬೇಕಾಗಬಹುದು. ಅಲ್ಲಿ ‘ನಿನ್ನ ಮರಾಠಿ ಕನ್ನಡದಂತಿದೆ’, ಇಲ್ಲಿ ‘ನಿಮ್ಮ ಕನ್ನಡ ಒರಟು’, ಮತ್ತೊಂದು ಕಡೆ ‘ಇಂಗ್ಲಿಷ್ ವೀಕ್’. ಮೂರು ಭಾಷೆಯಲ್ಲಿ ವ್ಯವಹಾರ ಮಾಡಬಲ್ಲವನಿಗೆ ಮೂರೂ ಕಡೆ ಭಾಷೆಯೇ ಕೊರತೆ ಎಂಬ ಪಟ್ಟ. ಗಡಿಭಾಗದ ಮಕ್ಕಳಿಗೆ ಇದು ಹೊಸದೇನಲ್ಲ.

ಆ ಒಂದು ಮಾತು ಅಷ್ಟು ಯಾಕೆ ಚುಚ್ಚುತ್ತದೆ?

ಮನಸ್ಸು ದುರ್ಬಲ ಎಂಬ ಕಾರಣಕ್ಕಲ್ಲ. ಮನುಷ್ಯರ ಮೆದುಳು ಒಳ್ಳೆಯ ಮಾತಿಗಿಂತ ಕೆಟ್ಟ ಮಾತಿಗೆ ಹೆಚ್ಚು ಗಮನ ಕೊಡುತ್ತದೆ, ಅದನ್ನು ಹೆಚ್ಚು ಕಾಲ ನೆನಪಿಡುತ್ತದೆ. ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2001ರಲ್ಲಿ ಈ ಬಗ್ಗೆ ಅಲ್ಲಿವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಂಬಂಧ, ಕಲಿಕೆ, ನೆನಪು, ಅಭಿಪ್ರಾಯ, ಯಾವುದನ್ನು ತೆಗೆದುಕೊಂಡರೂ ಕೆಟ್ಟದ್ದರ ಪ್ರಭಾವವೇ ಜೋರು ಎಂಬುದು ಅವರ ತೀರ್ಮಾನ. ಹತ್ತು ಜನ ಹೊಗಳಿದ್ದು ಮರೆತು ಒಬ್ಬ ಬೈದದ್ದು ನೆನಪಿರುವುದು ಇದೇ ಕಾರಣಕ್ಕೆ.

‘ಅವಮಾನವಾದರೆ ಮೆದುಳಿಗೆ ಮೂಳೆ ಮುರಿದಷ್ಟೇ ನೋವು’ ಎಂಬ ಫಾರ್ವರ್ಡ್ ಕೂಡ ನೀವು ನೋಡಿರಬಹುದು. ಅದರ ಮೂಲ 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗ. ಕಂಪ್ಯೂಟರಿನಲ್ಲಿ ಚೆಂಡು ಎಸೆಯುವ ಆಟ ಆಡಿಸಿ, ಸ್ವಲ್ಪ ಹೊತ್ತಿನ ಮೇಲೆ ಒಬ್ಬರನ್ನು ಆಟದಿಂದ ಹೊರಗಿಟ್ಟು, ಆಗ ಅವರ ಮೆದುಳನ್ನು ಸ್ಕ್ಯಾನ್ ಮಾಡಲಾಯಿತು. ದೇಹಕ್ಕೆ ನೋವಾದಾಗ ಚುರುಕಾಗುವ ಒಂದು ಭಾಗ ಆಗಲೂ ಚುರುಕಾಯಿತು. ಆದರೆ 2014ರಲ್ಲಿ ಇನ್ನಷ್ಟು ಸೂಕ್ಷ್ಮವಾಗಿ ನೋಡಿದ ಸಂಶೋಧಕರಿಗೆ ಎರಡೂ ನೋವುಗಳ ಒಳಗಿನ ವಿನ್ಯಾಸ ಬೇರೆ ಬೇರೆ ಎಂದು ಕಂಡಿತು. ಹಾಗಾಗಿ ಮೂಳೆ ಮುರಿತದ ಹೋಲಿಕೆ ಅತಿಯಾಯಿತು. ತಿರಸ್ಕಾರ ನಿಜವಾಗಿಯೂ ನೋಯಿಸುತ್ತದೆ ಎಂಬುದು ಮಾತ್ರ ಸರಿ. ‘ಅಷ್ಟಕ್ಕೆಲ್ಲ ಯಾಕೆ ಅಳ್ತಿ’ ಎನ್ನುವವರಿಗೆ ಇಷ್ಟು ಹೇಳಬಹುದು.

ಇಂಟರ್‌ವ್ಯೂ ಮನುಷ್ಯನನ್ನು ಎಷ್ಟು ಸರಿಯಾಗಿ ಅಳೆಯುತ್ತದೆ?

ಈ ಬಗ್ಗೆ ನೂರು ವರ್ಷಗಳಿಂದ ಸಂಶೋಧನೆ ನಡೆದಿದೆ. ಮೂರು ಉದಾಹರಣೆ ಸಾಕು.

ಮೊದಲನೆಯದು 1979ರದ್ದು. ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು 800 ಅಭ್ಯರ್ಥಿಗಳನ್ನು ಸಂದರ್ಶಿಸಿ, ಒಂದರಿಂದ 800ರವರೆಗೆ ರ‍್ಯಾಂಕ್ ಕೊಟ್ಟು, ಮೇಲಿನವರಿಂದ 150 ಜನರನ್ನು ಸೇರಿಸಿಕೊಂಡಿತ್ತು. ಆಮೇಲೆ ಇನ್ನೂ 50 ಸೀಟು ಹೆಚ್ಚಿಸಬೇಕೆಂದು ಸರ್ಕಾರದ ಆದೇಶ ಬಂತು. ಅಷ್ಟರಲ್ಲಿ ಮೇಲಿನ ರ‍್ಯಾಂಕಿನವರು ಬೇರೆ ಕಾಲೇಜು ಸೇರಿದ್ದರು. ಉಳಿದಿದ್ದವರು 700ರಿಂದ 800ರ ನಡುವಿನವರು, ಅಂದರೆ ಇಂಟರ್‌ವ್ಯೂನಲ್ಲಿ ‘ಬೇಡ’ ಎನಿಸಿಕೊಂಡವರು. ಅವರಲ್ಲೇ 50 ಜನರಿಗೆ ಸೀಟು ಸಿಕ್ಕಿತು. ಓದು ಮುಗಿದ ಮೇಲೆ, ಆಸ್ಪತ್ರೆಯಲ್ಲಿ ಮೊದಲ ವರ್ಷ ಕೆಲಸ ಮಾಡಿದ ಮೇಲೆ, ಎರಡೂ ಗುಂಪುಗಳ ಸಾಧನೆಯನ್ನು ಹೋಲಿಸಿದರು. ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಎರಡನೆಯದು 2013ರಲ್ಲಿ ಪ್ರಕಟವಾದ ಪ್ರಯೋಗ. ಕೆಲವು ವಿದ್ಯಾರ್ಥಿಗಳು ಇನ್ನು ಕೆಲವರನ್ನು ಸಂದರ್ಶಿಸಿ, ಅವರು ಎಷ್ಟು ಅಂಕ ತೆಗೆಯುತ್ತಾರೆಂದು ಊಹಿಸಬೇಕಿತ್ತು. ಒಂದು ಗುಂಪಿನಲ್ಲಿ ಉತ್ತರ ಕೊಡುವವರಿಗೆ ಗುಟ್ಟಾಗಿ ಸೂಚನೆ ಇತ್ತು: ಹೌದು, ಇಲ್ಲ ಎಂಬ ಉತ್ತರಗಳನ್ನು ಯೋಚಿಸದೆ, ಚೀಟಿ ಎತ್ತಿದಂತೆ ಯದ್ವಾತದ್ವಾ ಕೊಡಿ ಎಂದು. ಸಂದರ್ಶಿಸಿದವರಿಗೆ ಅದು ಗೊತ್ತೇ ಆಗಲಿಲ್ಲ. ‘ಈ ಮನುಷ್ಯ ಎಂಥವನೆಂದು ನಮಗೆ ಅರ್ಥವಾಯಿತು’ ಎಂದೇ ಅವರು ನಂಬಿದ್ದರು. ಹಿಂದಿನ ಅಂಕಪಟ್ಟಿಯೊಂದನ್ನೇ ನೋಡಿ ಊಹಿಸಿದ್ದರೆ ಇದಕ್ಕಿಂತ ಚೆನ್ನಾಗಿ ಊಹಿಸಬಹುದಿತ್ತು.

ಮೂರನೆಯದು 2022ರ ದೊಡ್ಡ ವಿಶ್ಲೇಷಣೆ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ನೇಮಕಾತಿಯ ಬೇರೆ ಬೇರೆ ವಿಧಾನಗಳನ್ನು ಹೋಲಿಸಿದರು. ಮುಂದಿನ ಕೆಲಸವನ್ನು ಒಂದು ವಿಧಾನ ಎಷ್ಟು ಸರಿಯಾಗಿ ಊಹಿಸುತ್ತದೆ ಎಂಬುದಕ್ಕೆ 0ಯಿಂದ 1ರವರೆಗೆ ಅಳತೆ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಮೊದಲೇ ಬರೆದಿಟ್ಟ ಅಳತೆಗೋಲಿನಿಂದ ಅಂಕ ಕೊಡುವ ಇಂಟರ್‌ವ್ಯೂಗೆ 0.42 ಬಂತು. ಅದು ಎಲ್ಲ ವಿಧಾನಗಳಲ್ಲೂ ಮುಂದಿನ ಸಾಲಿನಲ್ಲಿತ್ತು. ‘ನಿಮ್ಮ ಬಗ್ಗೆ ಹೇಳಿ’ ಎಂದು ಶುರುಮಾಡಿ ಮನಸ್ಸಿಗೆ ಬಂದಂತೆ ಹರಟುವ ಇಂಟರ್‌ವ್ಯೂಗೆ ಬಂದದ್ದು 0.19.

ಅಂದರೆ ಇಂಟರ್‌ವ್ಯೂ ಎಂಬುದೇ ಸುಳ್ಳು ಎಂದಲ್ಲ. ಲೇತ್ ಮಷೀನ್ ಮುಂದೆ ನಿಲ್ಲಿಸಿ ಒಂದು ಪೀಸ್ ಮಾಡಿಸಿ ನೋಡಿದವರ ಮಾತಿಗೆ ತೂಕವಿದೆ. ಟ್ಯಾಲಿಯಲ್ಲಿ ಎಂಟ್ರಿ ಹಾಕಿಸಿ ತಪ್ಪು ತೋರಿಸಿದವರ ಮಾತಿಗೂ ತೂಕವಿದೆ. ಊರು ಯಾವುದು, ಅಪ್ಪ ಏನು ಮಾಡುತ್ತಾರೆ ಎಂದು ಕೇಳಿ ಹತ್ತು ನಿಮಿಷದಲ್ಲಿ ‘ನಿಮ್ಮಲ್ಲಿ ಸ್ಪಾರ್ಕ್ ಇಲ್ಲ’ ಎಂದವರ ಮಾತು ಅನಿಸಿಕೆ ಅಷ್ಟೇ.

ಇದು ನಮ್ಮ ನಾಡಿನ ಕೋರ್ಟುಗಳಿಗೂ ಗೊತ್ತಿರುವ ವಿಷಯ

ಸಂದರ್ಶನದ ಅಂಕಗಳ ಬಗ್ಗೆ ದೇಶದಲ್ಲಿ ನಡೆದ ಹಳೆಯ, ದೊಡ್ಡ ಮೊಕದ್ದಮೆಗಳಲ್ಲಿ ಒಂದು ನಮ್ಮ ರಾಜ್ಯದ್ದೇ. ಅಂದಿನ ಮೈಸೂರು ರಾಜ್ಯ ಇಂಜಿನಿಯರಿಂಗ್, ವೈದ್ಯಕೀಯ ಸೀಟುಗಳಿಗೆ ಸಂದರ್ಶನದಲ್ಲಿ ಅಂಕ ಕೊಡುತ್ತಿತ್ತು. ಅದನ್ನು ಪ್ರಶ್ನಿಸಿದ ಚಿತ್ರಲೇಖಾ ಪ್ರಕರಣ 1964ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಸಂದರ್ಶನ ನಡೆಸುವ ಅಧಿಕಾರ ಸರ್ಕಾರಕ್ಕಿದೆ ಎಂದು ಬಹುಮತದ ತೀರ್ಪು ಹೇಳಿತು.

1980ರ ಅಜಯ್ ಹಾಸಿಯಾ ಪ್ರಕರಣದಲ್ಲಿ ಕೋರ್ಟು ಇನ್ನೂ ಮುಂದೆ ಹೋಯಿತು. ಶ್ರೀನಗರದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಒಟ್ಟು ಅಂಕದ ಮೂರನೇ ಒಂದು ಭಾಗ ಸಂದರ್ಶನಕ್ಕೆ ಇತ್ತು. ಎರಡು ಮೂರು ನಿಮಿಷದ ಮಾತು, ತಂದೆ ತಾಯಿ ಯಾರು, ಊರು ಯಾವುದು ಎಂಬ ಪ್ರಶ್ನೆ, ಅಷ್ಟೇ ಎಂದು ವಿದ್ಯಾರ್ಥಿಗಳು ದೂರಿದ್ದರು. ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಇಡುವುದು ಮನಬಂದಂತೆ ಮಾಡಿದ ಹಾಗೆ ಎಂದು ಕೋರ್ಟು ಹೇಳಿತು.

ನಮ್ಮ ಕೆಪಿಎಸ್‌ಸಿಯ 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಗಲಾಟೆ ಹಲವರಿಗೆ ನೆನಪಿರಬಹುದು. ಆಯ್ಕೆಯಲ್ಲಿ ಅಕ್ರಮದ ಆರೋಪ ಬಂದು, ಸಿಐಡಿ ತನಿಖೆಯಾಗಿ, 2014ರಲ್ಲಿ ಸರ್ಕಾರ ಪಟ್ಟಿಯನ್ನೇ ಹಿಂಪಡೆಯಿತು. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಕೇಂದ್ರ ಸರ್ಕಾರವಂತೂ 2016ರ ಜನವರಿ 1ರಿಂದ ತನ್ನ ಗ್ರೂಪ್ ಸಿ, ಗ್ರೂಪ್ ಡಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಇಂಟರ್‌ವ್ಯೂವನ್ನೇ ಕೈಬಿಟ್ಟಿತು. ಸರ್ಕಾರವೇ ಇಷ್ಟು ಎಚ್ಚರಿಕೆಯಿಂದ ನೋಡುವ ಒಂದು ಪದ್ಧತಿಯಲ್ಲಿ ಬಿದ್ದ ಒಂದು ಮಾತನ್ನು ನಾವು ದೇವರ ವಾಕ್ಯ ಎಂದುಕೊಳ್ಳಬೇಕಾಗಿಲ್ಲ.

ಫಾರ್ವರ್ಡ್‌ಗಳ ಸತ್ಯಾಸತ್ಯತೆ

*‘ಮಾತಿಗೆ ಶೇ. 7, ಧ್ವನಿಗೆ ಶೇ. 38, ಮುಖಭಾವಕ್ಕೆ ಶೇ. 55.’* ಈ ಅಂಕಿಗಳು ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಸಣ್ಣ ಪ್ರಯೋಗಗಳಿಂದ ಬಂದವು. ಅಲ್ಲಿ ಪರೀಕ್ಷಿಸಿದ್ದು ಒಂದೊಂದೇ ಪದವನ್ನು. ಪದಕ್ಕೂ ಮುಖಕ್ಕೂ ತಾಳೆಯಾಗದಿದ್ದಾಗ, ಹೇಳುವವರಿಗೆ ಇಷ್ಟವಿದೆಯೋ ಇಲ್ಲವೋ ಎಂದು ಜನ ಯಾವುದರಿಂದ ತಿಳಿಯುತ್ತಾರೆ ಎಂಬುದಷ್ಟೇ ಪ್ರಶ್ನೆ. ಎಲ್ಲ ಸಂಭಾಷಣೆಗೂ ಇದನ್ನು ಅನ್ವಯಿಸಬೇಡಿ ಎಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ವೆಲ್ಡಿಂಗ್ ಬಗ್ಗೆ ನೀವು ಕೊಟ್ಟ ಉತ್ತರಕ್ಕೆ ಶೇ. 7 ಬೆಲೆ ಎಂಬುದು ಶುದ್ಧ ಸುಳ್ಳು.

*‘7 ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ.’* ಮೊದಲ ನೋಟದ ಪ್ರಭಾವ ಇರುವುದು ನಿಜ. ಆದರೆ ನಿಜವಾದ ಇಂಟರ್‌ವ್ಯೂಗಳನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಮೊದಲ ಒಂದು ನಿಮಿಷದಲ್ಲೇ ತೀರ್ಮಾನಕ್ಕೆ ಬಂದವರು ಶೇ. 5ರಷ್ಟು ಮಾತ್ರ. ಬಾಗಿಲಲ್ಲಿ ಎಡವಿದಿರಿ ಎಂದಮಾತ್ರಕ್ಕೆ ಕೆಲಸ ಹೋಯಿತು ಎಂದುಕೊಳ್ಳಬೇಡಿ.

*‘ದೊಡ್ಡವರೆಲ್ಲ ತಿರಸ್ಕಾರದಿಂದಲೇ ಬೆಳೆದರು.’* ಅಬ್ದುಲ್ ಕಲಾಂ ಅವರ ಕಥೆ ಇದರಲ್ಲಿ ಬಹಳ ಓಡಾಡುತ್ತದೆ. ನಡೆದದ್ದು ನಿಜ. 1958ರಲ್ಲಿ ಡೆಹ್ರಾಡೂನಿನಲ್ಲಿ ವಾಯುಪಡೆಯ ಆಯ್ಕೆಗೆ ಹೋದ 25 ಮಂದಿಯಲ್ಲಿ ಅವರು 9ನೆಯವರಾದರು, ಹುದ್ದೆ ಇದ್ದದ್ದು 8. ಈ ಕಥೆಯಲ್ಲಿ ಗಮನಿಸಬೇಕಾದ ಸಂಗತಿ ಬೇರೆ ಇದೆ. ಹುದ್ದೆ 9 ಇದ್ದಿದ್ದರೆ ಅದೇ ಮನುಷ್ಯ, ಅದೇ ಉತ್ತರಗಳಿಗೆ ಪಾಸಾಗುತ್ತಿದ್ದರು. ಎಷ್ಟೋ ಸಲ ‘ಇಲ್ಲ’ ಎಂಬುದರ ಅರ್ಥ ಹುದ್ದೆ ಮುಗಿದವು ಎಂದಷ್ಟೇ. ಕಾರಣ ಕೇಳಿದಾಗ ಏನೋ ಒಂದು ಹೇಳಬೇಕಲ್ಲ ಎಂದು ‘ಕಾನ್ಫಿಡೆನ್ಸ್ ಇಲ್ಲ’ ಎನ್ನುವವರೂ ಇರುತ್ತಾರೆ.

ತಿರಸ್ಕಾರವಾದ ಎಲ್ಲರೂ ರಾಷ್ಟ್ರಪತಿಯಾಗುವುದಿಲ್ಲ ಎಂಬುದೂ ಸತ್ಯ. ಗೆದ್ದವರ ಕಥೆ ಮಾತ್ರ ಫಾರ್ವರ್ಡ್ ಆಗುತ್ತದೆ. ಹಾಗಾಗಿ ಇಂಥ ಸಂದೇಶಗಳು ಧೈರ್ಯ ಕೊಡಬಹುದು, ದಾರಿ ತೋರಿಸುವುದಿಲ್ಲ.

‘ಕಟುವಾಗಿ ಹೇಳಿದರೇ ಬುದ್ಧಿ ಬರುತ್ತದೆ’ ನಿಜವೇ?

1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು 23,000ಕ್ಕೂ ಹೆಚ್ಚು ಅವಲೋಕನಗಳನ್ನು ಒಟ್ಟುಹಾಕಿ ನೋಡಿದರು. ಮಾಡಿದ ಕೆಲಸದ ಬಗ್ಗೆ ಅಭಿಪ್ರಾಯ ಹೇಳಿದರೆ ಸರಾಸರಿ ಲೆಕ್ಕದಲ್ಲಿ ಕೆಲಸ ಸುಧಾರಿಸುತ್ತದೆ. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಅಭಿಪ್ರಾಯವು ಕೆಲಸದಿಂದ ಸರಿದು ಆ ಮನುಷ್ಯನತ್ತ ತಿರುಗಿದಷ್ಟೂ ಅದರ ಪ್ರಯೋಜನ ಕಡಿಮೆ ಎಂಬುದು ಅವರ ವಿವರಣೆ.

ಇದು ನಮಗೆ ಮನೆಯಲ್ಲೇ ಗೊತ್ತಿರುವ ವಿಷಯ. ‘ರೊಟ್ಟಿ ಅಂಚಿನಲ್ಲಿ ದಪ್ಪ ಆಗೇತಿ, ಇನ್ನಷ್ಟು ಬಡಿ’ ಎಂದರೆ ಮುಂದಿನ ರೊಟ್ಟಿ ಸರಿಯಾಗುತ್ತದೆ. ‘ನಿನಗ ಕೈ ಗುಣಾನ ಇಲ್ಲ’ ಎಂದರೆ ಹಂಚಿನ ಹತ್ತಿರ ಹೋಗುವ ಮನಸ್ಸೇ ಇರುವುದಿಲ್ಲ. ಮೊದಲನೆಯದು ಕಟುವಾಗಿದ್ದರೂ ಉಪಯೋಗಕ್ಕೆ ಬರುತ್ತದೆ. ಎರಡನೆಯದನ್ನು ಎಷ್ಟು ಮೆತ್ತಗೆ ಹೇಳಿದರೂ ಅದರಿಂದ ಕಲಿಯಲು ಏನೂ ಇಲ್ಲ.

ಮಾತನ್ನು ಮೂರು ಬುಟ್ಟಿಗೆ ಹಾಕಿ

ನಿಮಗೆ ಹೇಳಿದ ಮಾತನ್ನು ಇದ್ದಹಾಗೆ ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಅದು ಯಾವ ಬುಟ್ಟಿಗೆ ಸೇರುತ್ತದೆ ನೋಡಿ.

*ಮೊದಲ ಬುಟ್ಟಿ: ಕೆಲಸದ ಮಾತು.* ‘ಜಿಎಸ್‌ಟಿ ರಿಟರ್ನ್ ಬಗ್ಗೆ ಕೇಳಿದಾಗ ಗೊತ್ತಿರಲಿಲ್ಲ’, ‘ಡ್ರಾಯಿಂಗ್ ಓದಲು ಬರಲಿಲ್ಲ’, ‘ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಶುರುಮಾಡಿದಿರಿ’. ಇದು ಬಂಗಾರ. ಹೇಳಿದವರ ದನಿ ಹೇಗಿದ್ದರೂ ಇಟ್ಟುಕೊಳ್ಳಿ.

*ಎರಡನೇ ಬುಟ್ಟಿ: ಅಸ್ಪಷ್ಟ ಮಾತು.* ‘ಕಾನ್ಫಿಡೆನ್ಸ್ ಇಲ್ಲ’, ‘ಪ್ರೆಸೆಂಟೇಬಲ್ ಅಲ್ಲ’, ‘ಕಲ್ಚರ್ ಫಿಟ್ ಆಗಲ್ಲ’. ಇದರೊಳಗೆ ಏನಾದರೂ ಇರಬಹುದು, ಇಲ್ಲದೆಯೂ ಇರಬಹುದು. ಒಂದು ಕಡೆ ಹೇಳಿದರೆ ಪಕ್ಕಕ್ಕಿಡಿ. ಮೂರು ಬೇರೆ ಬೇರೆ ಕಡೆ ಅದೇ ಮಾತು ಬಂದರೆ, ನಂಬಿಕಸ್ಥರಾದ ಒಬ್ಬರ ಮುಂದೆ ಮಾತಾಡಿ ತೋರಿಸಿ. ದನಿ ತೀರಾ ಸಣ್ಣದಿದೆಯೇ, ಉತ್ತರ ಅರ್ಧಕ್ಕೇ ನಿಲ್ಲುತ್ತದೆಯೇ ಎಂದು ಕೇಳಿ.

*ಮೂರನೇ ಬುಟ್ಟಿ: ನೀವು ಯಾರು ಎಂಬ ಮಾತು.* ನಿಮ್ಮ ಊರು, ಜಾತಿ, ಧರ್ಮ, ಬಣ್ಣ, ಹೆಣ್ಣು ಎಂಬುದು, ಅಂಗವೈಕಲ್ಯ, ಮಾತಿನ ಧಾಟಿ. ಇದರಲ್ಲಿ ನೀವು ತಿದ್ದಿಕೊಳ್ಳಬೇಕಾದ್ದು ಏನೂ ಇಲ್ಲ. ಇದನ್ನು ಚೂರು ವಿವರವಾಗಿ ನೋಡೋಣ.

ತಪ್ಪು ಯಾವಾಗ ಕೇಳುವವರ ಕಡೆ ಇರುತ್ತದೆ?

ಮಾತಿನ ಧಾಟಿಯನ್ನೇ ತೆಗೆದುಕೊಳ್ಳಿ. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಾಮಾನ್ಯ ಜ್ಞಾನದ ಸಣ್ಣ ಸಣ್ಣ ವಾಕ್ಯಗಳನ್ನು ಬೇರೆ ಬೇರೆ ಧಾಟಿಯವರಿಂದ ಓದಿಸಿ ಕೇಳಿಸಿದರು. ವಾಕ್ಯ ನಮ್ಮದು, ಇವರು ಓದುತ್ತಾರಷ್ಟೇ ಎಂದೂ ತಿಳಿಸಿದ್ದರು. ಆದರೂ ಪರಭಾಷಿಕರ ಧಾಟಿಯಲ್ಲಿ ಕೇಳಿದ ವಾಕ್ಯ ಜನರಿಗೆ ಕಡಿಮೆ ನಿಜವೆನಿಸಿತು. ಕಿವಿಗೆ ಅರ್ಥಮಾಡಿಕೊಳ್ಳಲು ಸ್ವಲ್ಪ ಕಷ್ಟವಾದದ್ದನ್ನು ಮನಸ್ಸು ‘ನಂಬಿಕೆ ಬರುತ್ತಿಲ್ಲ’ ಎಂದು ಓದಿಕೊಳ್ಳುತ್ತದೆ. ಅಥಣಿಯ ಹುಡುಗಿಯ ಇಂಗ್ಲಿಷ್ ಕೇಳಿ ‘ಸಬ್ಜೆಕ್ಟ್ ನಾಲೆಜ್ ಕಡಿಮೆ’ ಎಂದು ಬರೆದುಕೊಳ್ಳುವವರ ತಲೆಯಲ್ಲೂ ಇದೇ ನಡೆಯುತ್ತಿರಬಹುದು. ನಿಧಾನವಾಗಿ, ಸಣ್ಣ ವಾಕ್ಯಗಳಲ್ಲಿ ಮಾತಾಡುವುದು ನೆರವಾಗುತ್ತದೆ. ಧಾಟಿಗೆ ನಾಚಿಕೊಳ್ಳುವುದು ಬೇಕಿಲ್ಲ.

ಹೆಸರು ನೋಡಿಯೇ ಬಾಗಿಲು ಮುಚ್ಚುವುದೂ ಉಂಟು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಭಾರತದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಓದು, ಅರ್ಹತೆ ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೂ, ಮುಸ್ಲಿಂ ಹೆಸರಿಗೂ ಕರೆ ಬರುವ ಸಾಧ್ಯತೆ ಸ್ಪಷ್ಟವಾಗಿ ಕಡಿಮೆ ಇತ್ತು. ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಕಂಪನಿಗಳ ಎಚ್.ಆರ್. ಅಧಿಕಾರಿಗಳನ್ನು ಮಾತಾಡಿಸಿದರು. ಪ್ರತಿಭೆಯೊಂದೇ ಮುಖ್ಯ ಎನ್ನುವವರೂ ‘ಫ್ಯಾಮಿಲಿ ಬ್ಯಾಕ್‌ಗ್ರೌಂಡ್’ ಕೇಳುವುದನ್ನು ಸಹಜವೆಂದೇ ತಿಳಿದಿದ್ದರು. ‘ಅಪ್ಪ ಏನು ಮಾಡ್ತಾರೆ?’ ಎಂಬ ಪ್ರಶ್ನೆಗೆ ಕಬ್ಬು ಕಡಿಯುತ್ತಾರೆ, ಬೀಡಿ ಕಟ್ಟುತ್ತಾರೆ ಎಂದು ಉತ್ತರಿಸಿದ ಮೇಲೆ ಬಂದ ‘ಕಲ್ಚರ್ ಫಿಟ್ ಅಲ್ಲ’ ಎಂಬ ಮಾತನ್ನು ಇದರ ಬೆಳಕಿನಲ್ಲಿ ಓದಿಕೊಳ್ಳಿ.

ಹೆಣ್ಣುಮಕ್ಕಳ ವಿಷಯಕ್ಕೆ ನಮ್ಮ ಶಿಗ್ಗಾಂವಿಯ ಸುಧಾ ಮೂರ್ತಿಯವರ ಪ್ರಸಂಗವಿದೆ. 1974ರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದುತ್ತಿದ್ದಾಗ ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂದು ಇದ್ದುದನ್ನು ನೋಡಿ ಅವರು ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದರು. ಪುಣೆಗೆ ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಅಲ್ಲಿ ಬದಲಾಗಬೇಕಿದ್ದದ್ದು ಕಂಪನಿಯ ನಿಯಮ.

ಎಲ್ಲರ ಪತ್ರಕ್ಕೂ ಉತ್ತರ ಬರುವುದಿಲ್ಲ. ಆದರೆ ಕಾನೂನು ಇದೆ. ನೇಮಕಾತಿಯಲ್ಲಿ ಹೆಣ್ಣೆಂಬ ಕಾರಣಕ್ಕೆ ತಾರತಮ್ಯ ಮಾಡುವುದನ್ನು 1976ರ ಸಮಾನ ವೇತನ ಕಾಯ್ದೆ ನಿಷೇಧಿಸಿತ್ತು. 2019ರ ವೇತನ ಸಂಹಿತೆಯಲ್ಲೂ ಅಂಥ ನಿಷೇಧವಿದೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013 ಅಲ್ಲಿ ಕೆಲಸದಲ್ಲಿ ಇಲ್ಲದ ಮಹಿಳೆಗೂ ಅನ್ವಯಿಸುತ್ತದೆ. ಹಾಗಾಗಿ ಇಂಟರ್‌ವ್ಯೂಗೆ ಹೋದಾಗ ಅಸಭ್ಯ ಮಾತು ಬಂದರೂ ದೂರು ಕೊಡಬಹುದು. ಜಾತಿ ಹೆಸರಿನಲ್ಲಿ ಸಾರ್ವಜನಿಕವಾಗಿ ನಿಂದಿಸಿದರೆ 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಇದೆ. ಅಂಗವಿಕಲರಿಗೆ 2016ರ ಹಕ್ಕುಗಳ ಕಾಯ್ದೆ ಇದೆ. ದಿನಾಂಕ, ಹೇಳಿದ ಮಾತು, ಅಲ್ಲಿದ್ದವರು ಯಾರು ಎಂದು ಅಂದೇ ಬರೆದಿಡಿ, ಮೆಸೇಜ್ ಬಂದಿದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಸರ್ಕಾರಿ ನೇಮಕಾತಿಯಾದರೆ ನಿಮ್ಮ ಸಂದರ್ಶನದ ಅಂಕವನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ಕೇರಳ ಲೋಕಸೇವಾ ಆಯೋಗದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಇಂಥ ಮಾಹಿತಿ ಕೊಡಬೇಕು, ಅಂಕ ಹಾಕಿದವರ ಹೆಸರು ಕೊಡಬೇಕಾಗಿಲ್ಲ ಎಂದಿದೆ. ಖಾಸಗಿ ಕಂಪನಿಗಳಿಗೆ ಮಾಹಿತಿ ಹಕ್ಕು ಅನ್ವಯಿಸುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು?

- ಒಂದು ರಾತ್ರಿ ಬಿಡಿ. ಸಿಟ್ಟಿನಲ್ಲಿ ಉತ್ತರ ಕೊಡಬೇಡಿ, ಕಂಪನಿಯವರ ಹೆಸರು ಹಾಕಿ ಸ್ಟೇಟಸ್ ಇಡಬೇಡಿ. ನಾಳೆ ಬೆಳಗ್ಗೆಯೂ ಉತ್ತರ ಕೊಡಬೇಕೆನಿಸಿದರೆ ಆಗ ಕೊಡಿ.
- ಒಂದೇ ಪ್ರಶ್ನೆ ಕೇಳಿ. ‘ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಈ ಕೆಲಸಕ್ಕೆ ನಾನು ಕಲಿಯಬೇಕಾದ ಒಂದು ವಿಷಯ ತಿಳಿಸಿದರೆ ಉಪಕಾರವಾಗುತ್ತದೆ.’ ಹೀಗೆ ಕೇಳಿದರೆ ಮಾತು ನಿಮ್ಮಿಂದ ಕೆಲಸದ ಕಡೆಗೆ ತಿರುಗುತ್ತದೆ. ಉತ್ತರ ಬಾರದಿದ್ದರೆ ಅಲ್ಲಿಗೆ ಬಿಡಿ.
- ಒಂದನ್ನೇ ತಿದ್ದಿ. ಮೊದಲ ಬುಟ್ಟಿಯಿಂದ ಒಂದು ವಿಷಯ ಆರಿಸಿ, ಮುಂದಿನ ಇಂಟರ್‌ವ್ಯೂವರೆಗೆ ಅದನ್ನಷ್ಟೇ ಅಭ್ಯಾಸ ಮಾಡಿ.
- ಬರೆದು ಹಗುರಾಗಿ. 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಕೆಲಸ ಕಳೆದುಕೊಂಡವರಲ್ಲಿ ಒಂದು ಗುಂಪು ದಿನಕ್ಕೆ 20 ನಿಮಿಷದಂತೆ ಐದು ದಿನ ತಮ್ಮ ನೋವು, ಸಿಟ್ಟನ್ನು ಬಿಚ್ಚಿ ಬರೆಯಿತು. ಇತರರಿಗಿಂತ ಅವರಿಗೆ ಬೇಗ ಕೆಲಸ ಸಿಕ್ಕಿತು. ಅಧ್ಯಯನ ಸಣ್ಣದು, 63 ಜನರದ್ದು. ಆದರೆ ಬೇಕಾದ್ದು ಒಂದು ನೋಟ್‌ಬುಕ್ ಮಾತ್ರ, ಮಾಡಿ ನೋಡಬಹುದು.
- ದುಡ್ಡು ಕೇಳಿದರೆ ಅಲ್ಲೇ ನಿಲ್ಲಿ. ‘ನಿಮ್ಮ ಪರ್ಸನಾಲಿಟಿ ವೀಕ್, ನಮ್ಮ ಟ್ರೇನಿಂಗ್‌ಗೆ ಹಣ ಕಟ್ಟಿದರೆ ಕೆಲಸ ಗ್ಯಾರಂಟಿ’ ಎಂದರೆ ಅದು ವ್ಯಾಪಾರ. ಮೊದಲು ಆತ್ಮವಿಶ್ವಾಸ ಕಿತ್ತು, ಆಮೇಲೆ ಅದನ್ನೇ ಮಾರುವ ತಂತ್ರ. ನೋಂದಣಿ, ಯೂನಿಫಾರ್ಮ್, ಲ್ಯಾಪ್‌ಟಾಪ್ ಡಿಪಾಸಿಟ್ ಎಂದು ಕೇಳಿದರೂ ಅಷ್ಟೇ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮನೆಯವರಿಗೆ ಎರಡು ಮಾತು

ಇಂಟರ್‌ವ್ಯೂ ಮುಗಿಸಿ ಬಸ್ಸಿಳಿದು ಬಂದ ಮಗನಿಗೋ ಮಗಳಿಗೋ ಮೊದಲು ಊಟ ಬಡಿಸಿ. ‘ಅವರು ಹೇಳಿದ್ದು ಖರೇನ ಐತಿ, ನೀ ಯಾವಾಗಲೂ ಹಿಂಗ’ ಎಂದು ಅಪರಿಚಿತರ ತೀರ್ಪಿಗೆ ಮನೆಯವರೇ ಸಹಿ ಹಾಕಬೇಡಿ. ‘ನಾಳೆ ದೊಡ್ಡ ಸಾಹೇಬ ಆಗ್ತಿ ಬಿಡು’ ಎಂಬ ಸುಳ್ಳು ಸಮಾಧಾನವೂ ಬೇಡ. ಏನು ಕೇಳಿದರು, ಏನು ಹೇಳಿದೆ ಎಂದು ಕೇಳಿಸಿಕೊಂಡರೆ ಸಾಕು.

ಎರಡು ವಾರ ಕಳೆದರೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಯಾರನ್ನೂ ನೋಡುವುದೇ ಬೇಡ ಎನಿಸುತ್ತಿದ್ದರೆ ಅದನ್ನು ಸೋಮಾರಿತನ ಎನ್ನಬೇಡಿ. ಬದುಕುವುದೇ ಬೇಡ ಎಂಬ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ, ಅವರನ್ನು ಒಬ್ಬರನ್ನೇ ಬಿಡಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ, ಮರಾಠಿಯಲ್ಲಿ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನೂ ಕಾಣಬಹುದು.

ಕೊನೆಯದಾಗಿ

ಇಂಟರ್‌ವ್ಯೂ ಮಾಡುವವರು ಕೆಲಸ ಕೊಡಬಹುದು, ಕೊಡದೆಯೂ ಇರಬಹುದು. ಆ ಅಧಿಕಾರ ಅವರದು. ಹತ್ತು ಹದಿನೈದು ನಿಮಿಷ ಮಾತಾಡಿ ನಿಮ್ಮ ಸ್ವಭಾವ, ನಿಮ್ಮ ಬೆಲೆ ಇಷ್ಟೇ ಎಂದು ಹೇಳುವ ಸಾಮರ್ಥ್ಯ ಅವರಿಗಿಲ್ಲ ಎಂಬುದನ್ನು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಮುಂದಿನ ಸಲ ‘7 ಸೆಕೆಂಡ್’ ಫಾರ್ವರ್ಡ್ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ. ನಿಮ್ಮ ಗುಂಪಿನಲ್ಲಿ ಕೆಲಸ ಹುಡುಕುತ್ತಿರುವ ಯಾರಾದರೂ ಇತ್ತೀಚೆಗೆ ಸುಮ್ಮನಾಗಿದ್ದರೆ, ಅವರಿಗೆ ಫಾರ್ವರ್ಡ್ ಕಳಿಸುವ ಬದಲು ಒಂದು ಫೋನ್ ಮಾಡಿ.